ವಕೀಲರು ಉಚಿತ, ವಿಳಾಸ ಎಲ್ಲಿಂದ ತರೋದು?

ಬೀದಿಯಲ್ಲಿ ಬದುಕುವವರ ಬಗ್ಗೆ 2025ರಲ್ಲಿ ಸುಪ್ರೀಂ ಕೋರ್ಟಿನಿಂದ ಎರಡು ದೊಡ್ಡ ಸುದ್ದಿ ಬಂದವು. ಎರಡನ್ನೂ ಓದಿದವರು ಗೊಂದಲಕ್ಕೆ ಬಿದ್ದಿದ್ದರೆ ತಪ್ಪೇನಿಲ್ಲ.

ಮೊದಲನೆಯದು ಫೆಬ್ರವರಿ 12ರದು. ನಗರಗಳಲ್ಲಿ ಸೂರಿಲ್ಲದವರಿಗೆ ತಂಗುದಾಣ ಕಟ್ಟಿಸುವ ಬಗ್ಗೆ ವರ್ಷಗಳಿಂದ ನಡೆಯುತ್ತಿದ್ದ ಕೇಸು. ನ್ಯಾಯಮೂರ್ತಿ ಬಿ.ಆರ್. ಗವಾಯಿ ಮತ್ತು ಎ.ಜಿ. ಮಸೀಹ್ ಅವರ ಪೀಠ. ರೇಷನ್ನು, ದುಡ್ಡು ಎಲ್ಲ ಪುಕ್ಕಟೆ ಸಿಕ್ಕರೆ ಜನ ಕೆಲಸಕ್ಕೆ ಬರೋದಿಲ್ಲ, ಇವರನ್ನು ಮುಖ್ಯವಾಹಿನಿಗೆ ತರುವ ಬದಲು ಪರಾವಲಂಬಿಗಳ ವರ್ಗ ಒಂದನ್ನು ಹುಟ್ಟಿಸುತ್ತಿಲ್ಲವೇ ಎಂದು ಪೀಠ ಕೇಳಿತು. ಟಿವಿಯಲ್ಲಿ ಇಡೀ ದಿನ ಅದೇ ಚರ್ಚೆ.

ಎರಡನೆಯದು ಸೆಪ್ಟೆಂಬರ್‌ನದು. ನ್ಯಾಯಮೂರ್ತಿ ಜೆ.ಬಿ. ಪರ್ದೀವಾಲಾ ಮತ್ತು ಆರ್. ಮಹದೇವನ್ ಅವರ ಪೀಠದ ತೀರ್ಪು. ಭಿಕ್ಷುಕರ ಕೇಂದ್ರಗಳನ್ನು ಜೈಲಿನ ಹಾಗೆ ನಡೆಸಬಾರದು, ಅಲ್ಲಿರುವವರಿಗೆ ಅವರ ಹಕ್ಕುಗಳನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು, ಕಾನೂನು ಸೇವೆಗಳ ಪ್ರಾಧಿಕಾರದ ವಕೀಲರು ಕನಿಷ್ಠ ಮೂರು ತಿಂಗಳಿಗೊಮ್ಮೆ ಅಲ್ಲಿಗೆ ಹೋಗಬೇಕು ಎಂದು ಅದು ಹೇಳಿತು. ಇದು ಒಳಪುಟದ ಸುದ್ದಿಯಾಗಿ ಮುಗಿದುಹೋಯಿತು.

ಹಾಗಾದರೆ ಕೋರ್ಟಿನ ನಿಲುವು ಯಾವುದು? ಸೂರಿಲ್ಲದವರಿಗೆ ಉಚಿತ ವಕೀಲರು ಸಿಗುತ್ತಾರಾ? ಸಿಗೋದಾದರೆ ಇಷ್ಟು ದಿನ ಯಾಕೆ ಸಿಕ್ಕಿಲ್ಲ?

ಬಾಯಿಮಾತು ಬೇರೆ, ತೀರ್ಪು ಬೇರೆ

ವಿಚಾರಣೆ ನಡೆಯುವಾಗ ನ್ಯಾಯಮೂರ್ತಿಗಳು ಆಡುವ ಮಾತಿಗೆ ಕಾನೂನಿನ ಬಲ ಇರೋದಿಲ್ಲ. ಅದು ವಕೀಲರಿಗೆ ಕೇಳಿದ ಪ್ರಶ್ನೆ ಅಷ್ಟೆ. ಬರೆದು ಸಹಿ ಹಾಕಿದ ತೀರ್ಪಿಗೆ ಮಾತ್ರ ಎಲ್ಲ ರಾಜ್ಯಗಳೂ ತಲೆಬಾಗಬೇಕು. ಆ ಲೆಕ್ಕದಲ್ಲಿ ಫೆಬ್ರವರಿಯ ಮಾತಿಗಿಂತ ಸೆಪ್ಟೆಂಬರ್‌ನ ತೀರ್ಪಿನ ತೂಕವೇ ಜಾಸ್ತಿ.

ಹಾಗಂತ ಬಾಯಿಮಾತು ಗಾಳಿಗೆ ಹೋಗುತ್ತೆ ಅಂತಲೂ ಅಲ್ಲ. ಫೆಬ್ರವರಿಯಲ್ಲಿ ಆ ಪೀಠದ ಹಿರಿಯ ನ್ಯಾಯಮೂರ್ತಿಯೇ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ, ಅಂದರೆ ನಾಲ್ಸಾದ, ಕಾರ್ಯಕಾರಿ ಅಧ್ಯಕ್ಷರೂ ಆಗಿದ್ದರು. ಬಡವರಿಗೆ ಪುಕ್ಕಟೆ ವಕೀಲರನ್ನು ಕೊಡುವ ದೇಶದ ಅತಿ ದೊಡ್ಡ ಸಂಸ್ಥೆ ಅದು. ಸೂರಿಲ್ಲದವರು ಸೋಮಾರಿಗಳು ಎನ್ನುವ ಅರ್ಥ ಬರುವ ಒಂದು ಮಾತು ಅಂಥ ಜಾಗದಿಂದ ಬಂದರೆ ಕೆಳಗಿನ ಕಚೇರಿಗಳಿಗೆ ಅದು ಬೇಗ ಕೇಳಿಸುತ್ತದೆ.

ಸೆಪ್ಟೆಂಬರ್‌ನ ತೀರ್ಪಿನ ಮೂಲ ಹುಡುಕಿದರೆ 2000ಕ್ಕೆ ಹೋಗಬೇಕು. ದೆಹಲಿಯ ಲಾಂಪುರ್‌ನ ಭಿಕ್ಷುಕರ ಕೇಂದ್ರದಲ್ಲಿ ಕಾಲರಾ ಬಂದು ಜನ ಸತ್ತರು. ಆ ಸಾವುಗಳ ಬೆನ್ನು ಹತ್ತಿದ ಕೇಸು ಮುಗಿಯಲು 25 ವರ್ಷ ಬೇಕಾಯಿತು.

ನಮಗೂ ಇದು ಹೊಸದಲ್ಲ. ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಕೆಲವೇ ದಿನಗಳ ಅಂತರದಲ್ಲಿ 20ಕ್ಕೂ ಹೆಚ್ಚು ಜನ ಸತ್ತಿದ್ದರು. ಜನರ ಬಾಯಲ್ಲಿ ಅದು ಇವತ್ತಿಗೂ ಬೆಗ್ಗರ್ಸ್ ಕಾಲೋನಿ.

ಭಿಕ್ಷೆ ಬೇಡೋದು ಅಪರಾಧ ಹೌದಾ, ಅಲ್ವಾ?

ಇದು ಎರಡನೇ ಗೊಂದಲ. 2018ರಲ್ಲಿ ದೆಹಲಿ ಹೈಕೋರ್ಟು ಭಿಕ್ಷಾಟನೆಯನ್ನು ಅಪರಾಧ ಎನ್ನುವ ಸೆಕ್ಷನ್‌ಗಳನ್ನು ರದ್ದು ಮಾಡಿತು. ಭಿಕ್ಷೆ ಇನ್ನು ಅಪರಾಧವಲ್ಲ ಎಂದು ದೇಶವೆಲ್ಲ ಸುದ್ದಿಯಾಯಿತು. ಆದರೆ ರದ್ದಾಗಿದ್ದು ದೆಹಲಿಗೆ ಅನ್ವಯಿಸುತ್ತಿದ್ದ 1959ರ ಬಾಂಬೆ ಕಾಯ್ದೆಯ ಸೆಕ್ಷನ್‌ಗಳು, ಅದೂ ದೆಹಲಿಯ ಮಟ್ಟಿಗೆ.

ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಹಾಗೇ ಇದೆ. ಬೇಡುವವರನ್ನು ಹಿಡಿದು ಕೇಂದ್ರಕ್ಕೆ ಒಯ್ದು, ವಿಚಾರಣೆ ಆದ ಮೇಲೆ ವರ್ಷಗಟ್ಟಲೆ ಅಲ್ಲೇ ಇರಿಸಲು ಅದು ಅವಕಾಶ ಕೊಡುತ್ತದೆ. ಇದಕ್ಕೆ ದುಡ್ಡು ಎಲ್ಲಿಂದ ಅಂತೀರಾ? ನಿಮ್ಮ ಮನೆಯ ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ. ತೆರಿಗೆಯ ಮೇಲೆ ಶೇ. 3ರಷ್ಟು ಬೆಗ್ಗರಿ ಸೆಸ್ ಅದರಲ್ಲೇ ಸೇರಿರುತ್ತದೆ. ಅಂದರೆ ಮನೆ ಇದ್ದವರ ತೆರಿಗೆಯಿಂದ ಮನೆ ಇಲ್ಲದವರನ್ನು ಇರಿಸುವ ವ್ಯವಸ್ಥೆ ನಡೆಯುತ್ತಿದೆ.

ಬೀದಿಯಲ್ಲಿ ಮಲಗುವವರೆಲ್ಲ ಬೇಡುವವರಲ್ಲ ಎನ್ನುವುದು ಇಲ್ಲಿ ಮುಖ್ಯ. ಮಾರ್ಕೆಟ್ಟಿನಲ್ಲಿ ರಾತ್ರಿ ಮೂಟೆ ಇಳಿಸುವವರು, ಕಲ್ಯಾಣ ಮಂಟಪಗಳಲ್ಲಿ ಎಲೆ ಎತ್ತುವವರು, ಚಿಂದಿ ಆಯುವವರು, ಕಟ್ಟಡದ ಕೆಲಸ ಮುಗಿದು ಮುಂದಿನ ಕೆಲಸ ಸಿಗುವವರೆಗೆ ಫುಟ್‌ಪಾತಿನಲ್ಲಿ ಉಳಿದವರು, ಇವರೆಲ್ಲ ದುಡಿಯುವವರೇ. 2011ರ ಜನಗಣತಿ ದೇಶದಲ್ಲಿ ಸುಮಾರು 17.7 ಲಕ್ಷ ಸೂರಿಲ್ಲದವರನ್ನು ಎಣಿಸಿತ್ತು. ಕರ್ನಾಟಕದ ಪಾಲು ಸುಮಾರು 76 ಸಾವಿರ. ಆದರೆ ರಾತ್ರಿ ಹನ್ನೊಂದಕ್ಕೆ ಫ್ಲೈಓವರ್ ಕೆಳಗೆ ಮಲಗಿರುವಾಗ ದುಡಿಯುವವರು ಯಾರು, ಬೇಡುವವರು ಯಾರು ಎಂದು ಟಾರ್ಚ್ ಹಾಕಿ ನೋಡಿದರೆ ಗೊತ್ತಾಗುವುದಿಲ್ಲ. ವಕೀಲರು ಬೇಕಾಗೋದು ಈ ಹೊತ್ತಿನಲ್ಲೇ.

ಪುಸ್ತಕದಲ್ಲಿ ಹಕ್ಕು ಇದೆ

1976ರ 42ನೇ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ 39ಎ ವಿಧಿ ಸೇರಿತು. ಬಡತನದ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು, ಸರ್ಕಾರ ಉಚಿತ ಕಾನೂನು ನೆರವು ಕೊಡಬೇಕು ಎಂದು ಅದು ಹೇಳುತ್ತದೆ. ಅದನ್ನು ಜಾರಿಗೆ ತರಲು 1987ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಬಂತು. ಜಾರಿಯಾಗಿದ್ದು 1995ರ ನವೆಂಬರ್ 9ರಂದು. ಈಗ ದೆಹಲಿಯಲ್ಲಿ ನಾಲ್ಸಾ, ರಾಜ್ಯಕ್ಕೊಂದು ಪ್ರಾಧಿಕಾರ, ಜಿಲ್ಲೆಗೊಂದು, ತಾಲ್ಲೂಕಿಗೊಂದು ಸಮಿತಿ. ಫೋನ್ ಮಾಡಲು 15100 ಎಂಬ ಸಹಾಯವಾಣಿ.

ಯಾರಿಗೆಲ್ಲ ನೆರವು ಸಿಗುತ್ತದೆ ಎನ್ನುವುದು ಕಾಯ್ದೆಯ 12ನೇ ಸೆಕ್ಷನ್‌ನಲ್ಲಿದೆ. ಪರಿಶಿಷ್ಟ ಜಾತಿ, ಪಂಗಡದವರು, ಹೆಂಗಸರು, ಮಕ್ಕಳು, ಅಂಗವಿಕಲರು, ಮಾನವ ಸಾಗಣೆಗೆ ಅಥವಾ ಬಿಟ್ಟಿ ಚಾಕರಿಗೆ ಸಿಕ್ಕವರು, ನೆರೆ ಬರ ಭೂಕಂಪದಲ್ಲಿ ನೊಂದವರು, ಕಾರ್ಖಾನೆಯ ಕಾರ್ಮಿಕರು, ವಶದಲ್ಲಿರುವವರು. ಇವರಿಗೆ ಆದಾಯ ಎಷ್ಟು ಎಂಬ ಪ್ರಶ್ನೆಯೇ ಇಲ್ಲ. ಉಳಿದವರಿಗೆ ಆದಾಯದ ಮಿತಿ ಇದೆ. ಕರ್ನಾಟಕದಲ್ಲಿ ಅದು ವರ್ಷಕ್ಕೆ 3 ಲಕ್ಷ ರೂಪಾಯಿ.

ಈ ಪಟ್ಟಿಯಲ್ಲಿ 'ಸೂರಿಲ್ಲದವರು' ಎಂಬ ಪದ ಇಲ್ಲ. ಇಲ್ಲದಿದ್ದರೇನು, ಬೀದಿಯಲ್ಲಿ ಮಲಗುವವರಿಗೆ 3 ಲಕ್ಷ ಎಲ್ಲಿಂದ ಬರಬೇಕು, ಹೇಗಿದ್ದರೂ ಒಳಗೆ ಬರುತ್ತಾರಲ್ಲ ಅನ್ನಬಹುದು. ಬರುತ್ತಾರೆ. ಆದರೆ ಅದನ್ನು ತೋರಿಸಬೇಕು. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗಬೇಕು. ಅಲ್ಲಿ ಮೊದಲು ಕೇಳೋದೇ ಆಧಾರ್ ಮತ್ತು ರೇಷನ್ ಕಾರ್ಡು. ಪರಿಶಿಷ್ಟ ಜಾತಿಯವರು ಎಂದು ತೋರಿಸಲು ಜಾತಿ ಪ್ರಮಾಣಪತ್ರ, ಅದಕ್ಕೂ ಅದೇ ಕಿಟಕಿ.

ಇದಕ್ಕೆ ಕಾಯ್ದೆಯಲ್ಲೇ ಒಂದು ದಾರಿ ಇದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ. 13ನೇ ಸೆಕ್ಷನ್ ಪ್ರಕಾರ ಆದಾಯದ ಬಗ್ಗೆ ಅರ್ಜಿದಾರರು ಕೊಡುವ ಅಫಿಡವಿಟ್ಟೇ ಸಾಕು ಎಂದು ಒಪ್ಪಿಕೊಳ್ಳಬಹುದು. ಅದನ್ನು ನಂಬದಿರಲು ಕಾರಣ ಇದ್ದರೆ ಮಾತ್ರ ಪ್ರಾಧಿಕಾರ ಬೇರೆ ದಾಖಲೆ ಕೇಳಬೇಕು. ಹಾಗಾಗಿ ಆದಾಯ ಪ್ರಮಾಣಪತ್ರ ಇಲ್ಲ ಎಂದು ಯಾರನ್ನಾದರೂ ವಾಪಸ್ ಕಳಿಸಿದರೆ, ಅದಕ್ಕೆ ಕಾಯ್ದೆ ಕಾರಣವಲ್ಲ, ಕೌಂಟರಿನ ಅಭ್ಯಾಸ ಕಾರಣ.

ಇನ್ನೊಂದು ವಿಚಿತ್ರ ನೋಡಿ. ವಶದಲ್ಲಿರುವವರಿಗೆ ಆದಾಯದ ಪ್ರಶ್ನೆ ಇಲ್ಲ ಅಂದೆನಲ್ಲ. ಜೀವನ ಪೂರ್ತಿ ಕೂಲಿ ಮಾಡಿ ಫುಟ್‌ಪಾತಿನಲ್ಲಿ ಮಲಗುವ ಗಂಡಸು ವಕೀಲರನ್ನು ಕೇಳಿದರೆ ಕಾಗದ ತೋರಿಸಬೇಕು. ಅದೇ ಮನುಷ್ಯ ಲಾಕಪ್ಪಿಗೆ ಹೋದ ಕೂಡಲೇ ಯಾವ ಕಾಗದವೂ ಬೇಡ. ಕೇಸು ಬೀಳದ ಹಾಗೆ ತಡೆಯಲು ನೆರವು ಕಷ್ಟ, ಬಿದ್ದ ಮೇಲೆ ಸುಲಭ.

ವಿಳಾಸ ಎನ್ನುವ ಒಂದು ಕಾಲಂ

ನನ್ನ ಲೆಕ್ಕದಲ್ಲಿ ಅಸಲಿ ತೊಡಕು ವಕೀಲರ ಫೀಸಿನಲ್ಲಿ ಇಲ್ಲ. ಇಡೀ ಕೋರ್ಟು ವ್ಯವಸ್ಥೆ ವಿಳಾಸದ ಮೇಲೆ ನಿಂತಿದೆ. ಅರ್ಜಿಯಲ್ಲಿ ವಿಳಾಸ, ವಕಾಲತ್ತಿನಲ್ಲಿ ವಿಳಾಸ, ಜಾಮೀನಿನ ಕಾಗದದಲ್ಲಿ ವಿಳಾಸ. ಸಮನ್ಸ್ ಬರೋದೂ ವಿಳಾಸಕ್ಕೆ.

ಒಂದು ಉದಾಹರಣೆ ಕಟ್ಟಿ ನೋಡೋಣ. ಕೆ.ಆರ್. ಮಾರ್ಕೆಟ್ಟಿನಲ್ಲಿ ರಾತ್ರಿ ಲಾರಿಯಿಂದ ತರಕಾರಿ ಮೂಟೆ ಇಳಿಸುವ ಒಬ್ಬ. ಹಗಲು ಫ್ಲೈಓವರ್ ಕೆಳಗೆ ಮಲಗುತ್ತಾನೆ. ಪಕ್ಕದವನ ಜೊತೆ ಜಗಳವಾಗಿ ಠಾಣೆಯಲ್ಲಿ ಸಣ್ಣ ಕೇಸಾಯಿತು. ಅವತ್ತೇ ಬಿಟ್ಟು ಕಳಿಸಿದರು. ಠಾಣೆಯಲ್ಲಿ ವಿಳಾಸ ಕೇಳಿದಾಗ ಹದಿನೈದು ವರ್ಷದ ಹಿಂದೆ ಬಿಟ್ಟು ಬಂದ ಊರಿನ ಹೆಸರು ಹೇಳಿದ್ದ. ಮುಂದೆ ಕೋರ್ಟಿನಿಂದ ಸಮನ್ಸ್ ಆ ಊರಿಗೆ ಹೋಯಿತು. ಅಲ್ಲಿ ಇವನಿಲ್ಲ, ಮನೆಯೂ ಬಿದ್ದಿದೆ. ಸಮನ್ಸ್ ವಾಪಸ್ ಬಂತು. ಆಮೇಲೆ ವಾರಂಟ್. ಮುಂದಿನ ಸಲ ಪೊಲೀಸರ ಕೈಗೆ ಸಿಕ್ಕಾಗ ದಾಖಲೆಯಲ್ಲಿ ಅವನು ತಲೆಮರೆಸಿಕೊಂಡವನು. ಅಷ್ಟೂ ದಿನ ಅವನು ಇದ್ದದ್ದು ಅದೇ ಕಂಬದ ಪಕ್ಕ, ಅದೇ ಠಾಣೆಯ ಸರಹದ್ದಿನಲ್ಲಿ.

ಮೊದಲ ದಿನವೇ ಒಬ್ಬ ವಕೀಲರು ಇದ್ದಿದ್ದರೆ ವಿಳಾಸದ ಜಾಗದಲ್ಲಿ ತಂಗುದಾಣದ ಹೆಸರನ್ನೋ ಕೂಲಿ ಕೊಡುವ ಮಂಡಿಯ ಹೆಸರನ್ನೋ ಬರೆಸುತ್ತಿದ್ದರು. ಅಷ್ಟು ಸಣ್ಣ ಕೆಲಸ ಅದು.

ಕಾಗದಗಳ ಕಥೆಯೂ ಇದೇ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೇಬಿನಲ್ಲಿಟ್ಟ ಆಧಾರ್ ಒಂದು ಮಳೆಗೆ ಹಾಳಾಗುತ್ತದೆ, ನಿದ್ದೆಯಲ್ಲಿದ್ದಾಗ ಚೀಲದ ಜೊತೆ ಕಳುವಾಗುತ್ತದೆ, ತೆರವು ಮಾಡುವಾಗ ಪಾಲಿಕೆಯ ಲಾರಿ ಹತ್ತುತ್ತದೆ. ನಂಬರ್ ನೆನಪಿಲ್ಲ, ಕೊಟ್ಟಿದ್ದ ಮೊಬೈಲ್ ಸಿಮ್ ಈಗಿಲ್ಲ. ಮಾನ್ಯತೆ ಇರುವ ಆಶ್ರಯ ಕೇಂದ್ರದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ಕೊಟ್ಟರೆ ಆಧಾರ್‌ಗೆ ಅದು ನಡೆಯುತ್ತದೆ. ಆದರೆ ಅದನ್ನು ಹೇಳಿ, ಬರೆಸಿ, ಜೊತೆಗೆ ಕರೆದುಕೊಂಡು ಹೋಗಲು ಒಬ್ಬರು ಬೇಕಲ್ಲ.

ಶ್ಯೂರಿಟಿ ಕೊಡೋರು ಯಾರು?

ಜಾಮೀನು ಸಿಗೋದು ಬೇರೆ, ಜೈಲಿನಿಂದ ಹೊರಗೆ ಬರೋದು ಬೇರೆ. ನಮ್ಮ ಕೋರ್ಟುಗಳಲ್ಲಿ ಶ್ಯೂರಿಟಿ ಅಂದರೆ ಸಾಮಾನ್ಯವಾಗಿ ಪಹಣಿಯೋ ಮನೆ ಪತ್ರವೋ ಹಿಡಿದು ಬಂದು ನಿಲ್ಲುವ ಪರಿಚಯದವರು. ಬೀದಿಯಲ್ಲಿರುವವರ ಪರಿಚಯದವರೂ ಬೀದಿಯಲ್ಲೇ ಇರುತ್ತಾರೆ. ಪಹಣಿ ಎಲ್ಲಿಂದ ಬರಬೇಕು? ದುಡ್ಡು ಕೊಟ್ಟರೆ ಬಂದು ನಿಲ್ಲುವ ಬಾಡಿಗೆ ಶ್ಯೂರಿಟಿಗಳು ಕೋರ್ಟಿನ ಹೊರಗೆ ಸಿಗುತ್ತಾರೆ, ಆ ದುಡ್ಡೂ ಇಲ್ಲ.

1978ರಲ್ಲೇ ಸುಪ್ರೀಂ ಕೋರ್ಟು ಇದನ್ನು ನೋಡಿತ್ತು. ಮಧ್ಯಪ್ರದೇಶದ ಮೋತಿ ರಾಮ್ ಎಂಬ ಗಾರೆ ಕೆಲಸದವರಿಗೆ ಕೆಳಗಿನ ಕೋರ್ಟು 10,000 ರೂಪಾಯಿಯ ಶ್ಯೂರಿಟಿ ಕೇಳಿತ್ತು. ಜಾಮೀನು ನಿಲ್ಲಲು ಅವರ ಸಹೋದರ ಮುಂದೆ ಬಂದರೂ, ಆ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಕೋರ್ಟು ಒಪ್ಪಲಿಲ್ಲ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಸಿಟ್ಟಾದರು. ಒಬ್ಬ ಕನ್ನಡಿಗನೋ ಮಲಯಾಳಿಯೋ ದೂರದ ಬಸ್ತಾರ್‌ನಲ್ಲಿ, ಚಾಂದನಿ ಚೌಕದಲ್ಲಿ ಸಿಕ್ಕಿಬಿದ್ದರೆ ಅಲ್ಲಿ ಆಸ್ತಿ ಇರುವ ಜಾಮೀನುದಾರನನ್ನು ಎಲ್ಲಿಂದ ತಂದಾನು ಎಂಬರ್ಥದಲ್ಲಿ ಬರೆದರು. 1,000 ರೂಪಾಯಿಯ ಸ್ವಂತ ಬಾಂಡಿನ ಮೇಲೆ, ಅಂದರೆ ಬೇರೆ ಯಾರ ಶ್ಯೂರಿಟಿಯೂ ಇಲ್ಲದೆ ಅವರೇ ಬರೆದುಕೊಡುವ ಮುಚ್ಚಳಿಕೆಯ ಮೇಲೆ, ಬಿಡಲು ಹೇಳಿದರು.

ಅಲ್ಲಿಂದ ಇಲ್ಲಿಗೆ ನಿಯಮಗಳು ಬಹಳ ಬಂದಿವೆ. ಜಾಮೀನು ಸಿಗುವಂಥ ಅಪರಾಧದಲ್ಲಿ ಒಂದು ವಾರದೊಳಗೆ ಶ್ಯೂರಿಟಿ ಕೊಡಲಾಗದಿದ್ದರೆ ಅವರನ್ನು ಬಡವರು ಎಂದೇ ಭಾವಿಸಿ ಸ್ವಂತ ಬಾಂಡಿನ ಮೇಲೆ ಬಿಡಬೇಕು ಎಂದು ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 478ನೇ ಸೆಕ್ಷನ್ ಹೇಳುತ್ತದೆ. ಸ್ಥಳೀಯ ಶ್ಯೂರಿಟಿಯೇ ಬೇಕು ಎಂದು ಪಟ್ಟು ಹಿಡಿಯಬೇಡಿ ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮತ್ತೆ ಹೇಳಿತು. ಜಾಮೀನು ಸಿಕ್ಕ 7 ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು ಎಂದೂ ಹೇಳಿತು. ಅದೇ ವರ್ಷ ಕೇಂದ್ರ ಸರ್ಕಾರ ಬಡ ವಿಚಾರಣಾಧೀನ ಕೈದಿಗಳಿಗೆ 40,000 ರೂಪಾಯಿವರೆಗೆ ಕೊಡುವ ಯೋಜನೆಯನ್ನೂ ತಂದಿತು.

45 ವರ್ಷದ ನಂತರವೂ ಅದೇ ಮಾತನ್ನು ಮತ್ತೆ ಹೇಳಬೇಕಾಯಿತು ಅಂದರೆ ಏನರ್ಥ? ನಿಯಮ ತಾನಾಗಿ ಕೆಲಸ ಮಾಡೋದಿಲ್ಲ. ಕಟಕಟೆಯ ಪಕ್ಕ ನಿಂತು "ಸ್ವಾಮಿ, 478 ಇದೆ" ಎಂದು ಹೇಳುವವರು ಬೇಕು.

ಫುಟ್‌ಪಾತಿಗೆ ನೋಟಿಸ್ ಇಲ್ಲ

ಸುಪ್ರೀಂ ಕೋರ್ಟಿನ 2024ರ ನವೆಂಬರ್ 13ರ ಬುಲ್ಡೋಜರ್ ತೀರ್ಪನ್ನು ಎಲ್ಲರೂ ಹೊಗಳಿದರು. ಕಟ್ಟಡ ಕೆಡವುವ ಮುಂಚೆ 15 ದಿನದ ನೋಟಿಸ್ ಕೊಡಬೇಕು ಎಂದು ಅದು ಹೇಳಿತು. ಅದರಲ್ಲಿ ಒಂದು ವಿನಾಯಿತಿ ಇದೆ: ರಸ್ತೆ, ಫುಟ್‌ಪಾತ್, ರೈಲು ಹಳಿಯ ಪಕ್ಕ, ಕೆರೆ ನದಿಯ ಜಾಗದ ಅಕ್ರಮ ಕಟ್ಟಡಗಳಿಗೆ ಈ ನಿರ್ದೇಶನ ಅನ್ವಯಿಸುವುದಿಲ್ಲ. ಬೀದಿಯ ಜನ ಟಾರ್ಪಾಲು ಕಟ್ಟೋದು ನಿಖರವಾಗಿ ಈ ಜಾಗಗಳಲ್ಲೇ.

1985ರ ಓಲ್ಗಾ ಟೆಲ್ಲಿಸ್ ತೀರ್ಪಿನ ಕಥೆಯೂ ಹೀಗೇ. ಮುಂಬೈ ಫುಟ್‌ಪಾತಿನ ನಿವಾಸಿಗಳ ಆ ಕೇಸಿನಲ್ಲಿ, ಬದುಕುವ ಹಕ್ಕಿನಲ್ಲಿ ದುಡಿದು ತಿನ್ನುವ ಹಕ್ಕೂ ಸೇರಿದೆ ಎಂದು ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಕಾನೂನು ಕಾಲೇಜುಗಳಲ್ಲಿ ಇವತ್ತಿಗೂ ಓದಿಸುತ್ತಾರೆ. ಆದರೆ ಮಳೆಗಾಲ ಮುಗಿದ ಮೇಲೆ ತೆರವು ಮಾಡಬಹುದು ಎಂದೂ ಅದೇ ತೀರ್ಪು ಹೇಳಿತ್ತು. ತತ್ವ ಗೆದ್ದಿತು, ಜಾಗ ಹೋಯಿತು.

ಬೀದಿಯಲ್ಲೇ ವ್ಯಾಪಾರ ಮಾಡುವವರಿಗೆ ಮಾತ್ರ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಸ್ವಲ್ಪ ಗಟ್ಟಿ. ಜಪ್ತಿ ಮಾಡಿದ ಸಾಮಾನನ್ನು ಎರಡು ಕೆಲಸದ ದಿನದೊಳಗೆ, ಹಣ್ಣು ತರಕಾರಿಯಾದರೆ ಅದೇ ದಿನ ವಾಪಸ್ ಕೊಡಬೇಕು. ಕೇಳುವವರಿದ್ದರೆ.

ಹಾಗಾದರೆ ಏನು ಮಾಡಬೇಕು ಅಂತಾರೆ?

ಇಲ್ಲಿ ಮೂರು ವಾದಗಳಿವೆ.

ವ್ಯವಸ್ಥೆ ಸಾಕಷ್ಟಿದೆ, ಜನರಿಗೆ ತಿಳಿವಳಿಕೆ ಕಮ್ಮಿ ಎನ್ನುವುದು ಒಂದು. ಆದ್ದರಿಂದ ಶಿಬಿರ ಮಾಡೋಣ, ಕರಪತ್ರ ಹಂಚೋಣ. ಕಾನೂನು ಸಾಕ್ಷರತಾ ರಥ ತಾಲ್ಲೂಕುಗಳನ್ನು ಸುತ್ತಿದ್ದು ಈ ಯೋಚನೆಯಿಂದಲೇ. ತಪ್ಪೇನಿಲ್ಲ, ಆದರೆ 15100 ಗೊತ್ತಿದ್ದೂ ಫೋನ್ ಚಾರ್ಜ್ ಮಾಡಲು ಪ್ಲಗ್ ಇಲ್ಲದವರಿಗೆ ಕರಪತ್ರದಿಂದ ಏನಾಗಬೇಕು?

12ನೇ ಸೆಕ್ಷನ್‌ಗೆ 'ಸೂರಿಲ್ಲದವರು' ಎಂಬ ಪದ ಸೇರಿಸಿ ಎನ್ನುವುದು ಇನ್ನೊಂದು ವಾದ. ಹಾಗೆ ಸೇರಿಸಿದರೆ ಯಾರು ಬೇಕಾದರೂ ಬಂದು ನಾನು ಸೂರಿಲ್ಲದವ ಅಂದುಬಿಡುತ್ತಾರೆ ಎಂಬ ಆಕ್ಷೇಪ ಇರಬಹುದು. ಆದರೆ ಕಾಯ್ದೆಯೊಂದು ಆ ಪದವನ್ನು ಈಗಾಗಲೇ ಬಳಸಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸೂರಿಲ್ಲದವರಿಗೆ, ಬಿಪಿಎಲ್ ಕಾರ್ಡು ಇರಲಿ ಬಿಡಲಿ, ಉಚಿತ ಚಿಕಿತ್ಸೆಯ ಹಕ್ಕು ಕೊಡುತ್ತದೆ. ಮಾನಸಿಕ ಕಾಯಿಲೆ ಇರುವವರಿಗೆ ಉಚಿತ ವಕೀಲರ ಹಕ್ಕಿದೆ ಎಂದು ತಿಳಿಸುವ ಹೊಣೆಯನ್ನು ಪೊಲೀಸರ, ಮ್ಯಾಜಿಸ್ಟ್ರೇಟರ ಮೇಲೇ ಹಾಕುತ್ತದೆ. ಬೀದಿಯಲ್ಲಿ ಅಲೆಯುವ ಅಂಥವರನ್ನು ಲಾಕಪ್ಪಿಗೆ ಹಾಕುವಂತಿಲ್ಲ, 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು ಎನ್ನುತ್ತದೆ. ಅಲ್ಲಿ ಸಾಧ್ಯವಾಗಿದ್ದು ಇಲ್ಲಿ ಯಾಕಾಗಬಾರದು?

ಮೂರನೆಯವರು ಹೇಳೋದು: ಮೊದಲು ತಂಗುದಾಣ ಕೊಡಿ, ವಕೀಲರು ಆಮೇಲೆ. ಕೇಳಲು ಸರಿಯಾಗೇ ಇದೆ. ಆದರೆ ತಂಗುದಾಣಗಳು ಬಂದಿದ್ದೇ ಕೋರ್ಟಿನಿಂದ. 2009ರ ಡಿಸೆಂಬರ್ ಚಳಿಯಲ್ಲಿ ದೆಹಲಿಯಲ್ಲಿ ಒಂದು ತಾತ್ಕಾಲಿಕ ತಂಗುದಾಣ ಕೆಡವಿದ ಮೇಲೆ, ಆಹಾರದ ಹಕ್ಕಿನ ಕೇಸಿನಲ್ಲಿ 2010ರಲ್ಲಿ ಸುಪ್ರೀಂ ಕೋರ್ಟು ಲಕ್ಷ ಜನಸಂಖ್ಯೆಗೊಂದು ತಂಗುದಾಣ ಬೇಕು ಎಂದಿತು. ಆಮೇಲೆ ಬಂದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನವೂ ಅದೇ ಲೆಕ್ಕವನ್ನು ಇಟ್ಟುಕೊಂಡಿತು. ಕೇಸು ಹಾಕುವವರು ಇಲ್ಲದಿದ್ದರೆ ಕಟ್ಟಡವೂ ಬರುತ್ತಿರಲಿಲ್ಲ.

ಈ ಮೂರರಲ್ಲೂ ಯಾರೂ ಜಾಸ್ತಿ ಮಾತಾಡದ ಒಂದು ಕಾರಣ ಇದೆ, ಗೌರವಧನ. ಪ್ಯಾನಲ್ ವಕೀಲರಿಗೆ, ಅಂದರೆ ಪ್ರಾಧಿಕಾರದ ಪಟ್ಟಿಯಲ್ಲಿರುವ ವಕೀಲರಿಗೆ, ದುಡ್ಡು ಕೊಡೋದು ಕೇಸಿನ ಲೆಕ್ಕದಲ್ಲಿ. ಕಾನೂನು ನೆರವು ಅಭಿರಕ್ಷಕರು ಎಂದು 2022ರಿಂದ ಪೂರ್ಣಾವಧಿ ವಕೀಲರನ್ನು ನೇಮಿಸುತ್ತಿದ್ದಾರೆ, ಒಳ್ಳೆಯದೇ, ಆದರೆ ಅವರ ಕೆಲಸ ಕ್ರಿಮಿನಲ್ ಕೇಸುಗಳಿಗೆ ಸೀಮಿತ. ಆಧಾರ್ ಮಾಡಿಸೋದು, ಸಮನ್ಸಿಗೆ ಸರಿಯಾದ ವಿಳಾಸ ಬರೆಸೋದು, ಜಪ್ತಿಯಾದ ತಳ್ಳುಗಾಡಿ ಬಿಡಿಸೋದು, ಇವು ಯಾವುದೂ ಕೇಸ್ ನಂಬರ್ ಇರುವ ಕೆಲಸವಲ್ಲ. ಹಾಗಾಗಿ ಬೀದಿಯ ಜನರಿಗೆ ಅತಿ ಹೆಚ್ಚು ಬೇಕಾದ ಕೆಲಸ ಕೇಸಿನ ಲೆಕ್ಕದ ಗೌರವಧನದೊಳಗೆ ಬರುವುದಿಲ್ಲ.

ಮೂರು ತಿಂಗಳಿಗೊಮ್ಮೆ ಬಂದರೆ

ಸೆಪ್ಟೆಂಬರ್‌ನ ತೀರ್ಪು ಪಾಲನೆಯಾದರೆ ಏನಾಗುತ್ತದೆ? ಕೇಂದ್ರದೊಳಗೆ ವಕೀಲರ ಕಾಲು ಬೀಳುತ್ತದೆ. ಕೂಲಿಯವರನ್ನು ಭಿಕ್ಷುಕರು ಎಂದು ಹಿಡಿದು ತಂದಿದ್ದರೆ ಕೇಳುವವರು ಒಬ್ಬರು ಇರುತ್ತಾರೆ. ಅದು ದೊಡ್ಡದೇ.

ಆದರೆ ಮೂರು ತಿಂಗಳು ಅಂದರೆ 90 ದಿನ. ಇವತ್ತು ವಕೀಲರು ಬಂದು ಹೋದರು, ನಾಳೆ ಒಬ್ಬರನ್ನು ಹಿಡಿದು ತಂದರು ಅಂದರೆ ಅವರು ಮುಂದಿನ ಭೇಟಿಯವರೆಗೆ ಕಾಯಬೇಕು. ಅಷ್ಟರಲ್ಲಿ ಕೂಲಿ ಹೋಗಿರುತ್ತದೆ, ಕಂಬದ ಪಕ್ಕ ಬಿಟ್ಟುಬಂದ ಗಂಟು ಹೋಗಿರುತ್ತದೆ. ಬಂಧಿತರಿಗೆ ವಕೀಲರನ್ನು ಕಾಣುವ ಹಕ್ಕು ಬಂಧನದ ದಿನದಿಂದಲೇ ಇದೆ ಎಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. 'ಕನಿಷ್ಠ ಮೂರು ತಿಂಗಳಿಗೊಮ್ಮೆ' ಎನ್ನುವುದು ಕಚೇರಿಗಳಲ್ಲಿ 'ಮೂರು ತಿಂಗಳಿಗೊಮ್ಮೆ ಸಾಕು' ಎಂದು ಆಗಿಬಿಡುವ ಅಪಾಯ ಇದೆ.

ಹೊರಗೆ ಹೋಗಿ ಕೆಲಸ ಮಾಡಿದ ಮಾದರಿಗಳು ಇಲ್ಲದಿಲ್ಲ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ 1989ರಲ್ಲಿ ಶುರುವಾದ ಒಂದು ವ್ಯವಸ್ಥೆಯಲ್ಲಿ ಸೂರಿಲ್ಲದವರ ಸಣ್ಣಪುಟ್ಟ ಕೇಸುಗಳಿಗೆ ಕೋರ್ಟೇ ಅವರಿರುವ ಕಡೆಗೆ ಬರುತ್ತದೆ. ಅಷ್ಟು ದೂರ ಯಾಕೆ, 2025ರ ಅಕ್ಟೋಬರ್‌ನಲ್ಲಿ ಬಿಹಾರದ ಮತದಾರರ ಪಟ್ಟಿಯಿಂದ ಹೆಸರು ಹೋದವರಿಗೆ ಮೇಲ್ಮನವಿ ಬರೆದುಕೊಡಲು ಪ್ಯಾರಾ ಲೀಗಲ್ ವಾಲಂಟಿಯರ್‌ಗಳನ್ನು, ಅಂದರೆ ಕಾನೂನು ನೆರವಿನ ತರಬೇತಿ ಪಡೆದ ಸ್ವಯಂಸೇವಕರನ್ನು, ಒದಗಿಸಿ ಎಂದು ಸುಪ್ರೀಂ ಕೋರ್ಟೇ ಅಲ್ಲಿನ ಪ್ರಾಧಿಕಾರಕ್ಕೆ ಹೇಳಿತ್ತು. ಜನರ ಹತ್ತಿರ ಹೋಗಿ ಅರ್ಜಿ ಬರೆದುಕೊಡುವ ಕೈಗಳು ಇವೆ ಎಂದಾಯಿತು.

ಚುನಾವಣಾ ಆಯೋಗ ವಿಳಾಸದ ಸಮಸ್ಯೆಯನ್ನು ಯಾವತ್ತೋ ಬಿಡಿಸಿಕೊಂಡಿದೆ. ಸೂರಿಲ್ಲದವರು ಮತದಾರರ ಪಟ್ಟಿಗೆ ಸೇರಲು ಫಾರ್ಮ್ 6 ತುಂಬಿದರೆ ವಿಳಾಸದ ದಾಖಲೆ ಕೇಳುವಂತಿಲ್ಲ. ಅವರು ತಾವು ಮಲಗುವ ಜಾಗ ಬರೆದರೆ ಸಾಕು. ಬೂತ್ ಮಟ್ಟದ ಅಧಿಕಾರಿ, ಹೆಚ್ಚಿನ ಕಡೆ ಶಾಲೆಯ ಮೇಷ್ಟ್ರೋ ಅಂಗನವಾಡಿ ಕಾರ್ಯಕರ್ತೆಯೋ, ರಾತ್ರಿ ಹೊತ್ತು ಆ ಜಾಗಕ್ಕೆ ಹೋಗಿ ಅವರು ಅಲ್ಲಿ ಮಲಗಿದ್ದಾರಾ ಎಂದು ನೋಡಬೇಕು. ಒಂದು ಸಲ ಅಲ್ಲ, ಒಂದಕ್ಕಿಂತ ಹೆಚ್ಚು ರಾತ್ರಿ. ನೋಡಿ ಬಂದು ಬರೆದುಕೊಂಡರೆ ಫ್ಲೈಓವರಿನ ಆ ಕಂಬವೇ ವಿಳಾಸ. ಕಾನೂನು ನೆರವಿನ ಅರ್ಜಿಯಲ್ಲೂ ಅದೇ ಕಂಬವನ್ನು ಬರೆದುಕೊಳ್ಳಲು ಕಾಯ್ದೆ ತಿದ್ದಬೇಕಾಗಿಲ್ಲ. ಪ್ರಾಧಿಕಾರದ ಒಂದು ಪುಟದ ಸುತ್ತೋಲೆ ಸಾಕು.